ತಂತಿಯ ಮೇಲೆ ಕಲಿತ ಮೃದಂಗ

ಹಾಡು ಕಲಿಯುವವರನ್ನು ಕಂಡರೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಅವರ ವಾದ್ಯ ಗಂಟಲಿನಲ್ಲಿರುತ್ತದೆ. ಅದನ್ನು ಅಟ್ಟದ ಮೇಲೆ ಇಡಿ ಎಂದು ಯಾರೂ ಹೇಳುವುದಿಲ್ಲ. ಮಕ್ಕಳು ಅದರ ಮೇಲೆ ಹತ್ತಿ ಕೂರುವುದಿಲ್ಲ. ಮಳೆಗಾಲದಲ್ಲಿ ಅದನ್ನು ಒಲೆಯ ಮುಂದಿಟ್ಟು ಕಾಯಿಸಬೇಕಾಗಿಲ್ಲ. ಬೇಡವೆನಿಸಿದಾಗ ಬಾಯಿ ಮುಚ್ಚಿಕೊಂಡರಾಯಿತು. ವಾದ್ಯ ಕಲಿಯಲು ಹೊರಟವನ ಪಾಡು ಹಾಗಲ್ಲ. ಅವನು ಮನೆಗೊಂದು ಹೊಸ ಎಮ್ಮೆಯನ್ನು ತಂದು ಕಟ್ಟಿದ ಹಾಗೆ. ಅದಕ್ಕೆ ಜಾಗ ಬೇಕು, ಆರೈಕೆ ಬೇಕು, ಅದು ಹೊತ್ತಲ್ಲದ ಹೊತ್ತಿನಲ್ಲಿ ಅರಚಿಕೊಂಡರೆ ಅಕ್ಕಪಕ್ಕದವರಿಗೆ ಸಮಾಧಾನ ಹೇಳಬೇಕು. ಎಮ್ಮೆಯಾದರೂ ಎಂದೋ ಒಂದು ದಿನ ಹಾಲು ಕೊಡುತ್ತದೆ ಎಂಬ ಭರವಸೆ ಮನೆಯವರಿಗಿರುತ್ತದೆ.

ನನ್ನ ಚಿಕ್ಕಪ್ಪ ತರೀಕೆರೆಯಲ್ಲಿ ಪಿಟೀಲು ಕಲಿತವರು. ಸಂಜೆ ಕಚೇರಿಯಿಂದ ಬಂದು, ಕೈಕಾಲು ತೊಳೆದು, ಜಗಲಿಯ ಮೇಲೆ ಕೂತು ಶ್ರುತಿ ಮಾಡಲು ಹಿಡಿದರೆ ದೀಪ ಹಚ್ಚುವ ಹೊತ್ತಾದರೂ ಶ್ರುತಿ ಮಾಡುತ್ತಲೇ ಇರುತ್ತಿದ್ದರು. ಒಂದು ತಂತಿ ಸರಿಹೋಯಿತು ಎನ್ನುವಷ್ಟರಲ್ಲಿ ಇನ್ನೊಂದು ಇಳಿದುಬಿಡುತ್ತಿತ್ತು. ಚಿಕ್ಕವನಾಗಿದ್ದಾಗ ನಾನು ಅದನ್ನೇ ಒಂದು ಹಾಡು ಎಂದುಕೊಂಡಿದ್ದೆ. ಕೇಳಿ ಕೇಳಿ ಅದು ನನಗೆ ಬಾಯಿಪಾಠವೂ ಆಗಿತ್ತು. ನನಗೆ ಗೊತ್ತಿದ್ದ ಇನ್ನೊಬ್ಬರು ಅಜ್ಜಂಪುರದಲ್ಲಿ ಭಜನೆಗೆ ಹಾರ್ಮೋನಿಯಂ ನುಡಿಸುವವರು. ಅವರ ಹಾರ್ಮೋನಿಯಂನಲ್ಲಿ ಒಂದು ಮನೆ ಸತ್ತು ಹೋಗಿತ್ತು, ಒತ್ತಿದರೆ ಸದ್ದೇ ಬರುತ್ತಿರಲಿಲ್ಲ. ಆ ಜಾಗ ಬಂದಾಗ ಅವರು ಬೆರಳೆತ್ತಿ ಆ ಸ್ವರವನ್ನು ಬಾಯಲ್ಲೇ ಅಂದುಬಿಡುತ್ತಿದ್ದರು. ಒಮ್ಮೆ ಯಾರೋ ಹೊಚ್ಚ ಹೊಸ ಹಾರ್ಮೋನಿಯಂ ತಂದು ಅವರ ಮುಂದಿಟ್ಟರು. ಅದರಲ್ಲಿ ಎಲ್ಲ ಮನೆಗಳೂ ಜೀವಂತವಾಗಿದ್ದವು. ಆದರೂ ಅವರು ಆ ಜಾಗಕ್ಕೆ ಬಂದಾಗ ಬೆರಳೆತ್ತಿ ಬಾಯಲ್ಲೇ ಅಂದರು. ಅಂದು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಈಗ ಯಾರಾದರೂ ಆ ಕಥೆ ಹೇಳಿದರೆ ನಾನು ಮೆಲ್ಲನೆ ಮಾತು ಬದಲಾಯಿಸುತ್ತೇನೆ.

ಏಕೆಂದರೆ ನಾನೂ ಮೃದಂಗ ಕಲಿತೆ. ಗುರುವಿನ ಎದುರು ಕೂತು ಕಲಿತದ್ದಲ್ಲ. ನನ್ನ ಗುರು ಇದ್ದದ್ದು ಕಡೂರಿನಲ್ಲಿ, ನಾನು ಇದ್ದದ್ದು ಶಿವನಿಯಲ್ಲಿ, ನಡುವೆ ರೈಲ್ವೆಯ ತಂತಿ.

ಆಗ ನಾನು ಶಿವನಿ ಸ್ಟೇಷನ್ನಿನಲ್ಲಿ ತಂತಿ ಗುಮಾಸ್ತ. ಹೊಸದಾಗಿ ಮದುವೆಯಾಗಿತ್ತು. ನನ್ನ ಹೆಂಡತಿ ಗೌರಮ್ಮ ಕಡೂರಿನವಳು. ಅವಳ ತಂದೆ ರುದ್ರಪ್ಪನವರು ಅಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದರು. ಬೀದಿಯ ಆ ತುದಿಯಲ್ಲಿ ಬರುವ ಗಾಡಿಯವನನ್ನು ಈ ತುದಿಯಿಂದ ಕೂಗಿ ಕರೆದು ಕರೆದು ಮಾವನವರ ಕಂಠ ಕಂಚಿನಂತಾಗಿತ್ತು. ಆ ಕಂಠದಲ್ಲಿ ಅವರು ಶಿವನ ಪದಗಳನ್ನು ಹಾಡುತ್ತಿದ್ದರು. ವಿದ್ವಾಂಸರೇನಲ್ಲ. ಆದರೆ ಹಾಡಲು ಕೂತರೆ ಮಂಡಿಯ ವ್ಯವಹಾರವೆಲ್ಲ ಮರೆತು ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದರು. ಶ್ರಾವಣದ ಕಡೆಯ ಸೋಮವಾರ ಮಠದ ಸ್ವಾಮಿಗಳನ್ನು ಮನೆಗೆ ಬರಮಾಡಿಕೊಂಡು, ಪಾದಪೂಜೆ ಮಾಡಿ, ಸಂಜೆ ಅವರ ಮುಂದೆ ಹಾಡಿ, ಮಂಗಳಾರತಿಯೊಂದಿಗೆ ಮುಗಿಸುವುದು ಆ ಮನೆಯ ಪದ್ಧತಿ. ಎಂದೋ ಒಮ್ಮೆ ದಸರೆಗೆ ಮೈಸೂರಿಗೆ ಹೋಗಿ ದೊಡ್ಡ ಕಛೇರಿ ಕೇಳಿ ಬಂದ ಮೇಲೆ, ಕಡೆಯ ಹಾಡಿನ ನಡುವೆ ಮೃದಂಗದವನೊಬ್ಬನೇ ಬಾರಿಸುವ ತನಿ ಎಂಬುದೂ ಇರಲೇಬೇಕೆಂದು ಹಟ ಹಿಡಿದಿದ್ದರು.

ಮೃದಂಗಕ್ಕೆ ಇದ್ದವನು ಸುಬ್ಬರಾಯ. ಅವನೂ ನನ್ನ ಹಾಗೆ ತಂತಿ ಗುಮಾಸ್ತನೇ, ಕಡೂರು ಸ್ಟೇಷನ್ನಿನಲ್ಲಿ. ಕೈ ಒಳ್ಳೆಯದು, ಬಾಯಿ ಮಾತ್ರ ಅಷ್ಟು ಒಳ್ಳೆಯದಲ್ಲ. ನಮ್ಮ ಮದುವೆಯಾದ ವರ್ಷದ ಶ್ರಾವಣದಲ್ಲಿ ಮಾವನವರು ಭಾವಾವೇಶದಲ್ಲಿ ಹಾಡುತ್ತಿದ್ದಾಗ ಅವನು ಮೃದಂಗ ನಿಲ್ಲಿಸಿ, ಸ್ವಾಮಿಗಳ ಎದುರಿಗೇ, "ಯಜಮಾನ್ರೇ, ತಾಳ ಹೋಯ್ತು, ಮತ್ತೆ ಎತ್ಕಳಿ" ಅಂದುಬಿಟ್ಟ. ಮಾವನವರು ಕಣ್ಣುಬಿಟ್ಟು, "ತಾಳ ಎಲ್ಲೂ ಹೋಗಿಲ್ಲ ಕಣಯ್ಯಾ, ನೀನು ಹೋಗು" ಎಂದರು. ಸುಬ್ಬರಾಯ ಮೃದಂಗಕ್ಕೆ ಗವಸು ಹಾಕಿಕೊಂಡು ಎದ್ದು ಹೋದ. ಅಂದಿನಿಂದ ಅವರಿಬ್ಬರಿಗೂ ಮಾತಿಲ್ಲ.

ಮುಂದಿನ ಯುಗಾದಿಗೆ ನಾವು ಕಡೂರಿಗೆ ಹೋದಾಗ ಮಾವನವರು ಹೋಳಿಗೆಯನ್ನು ಎಲೆಯ ಮೇಲೇ ಬಿಟ್ಟು, "ಈ ಶ್ರಾವಣಕ್ಕೆ ಹಾಡಿಲ್ಲ. ಪೂಜೆ ಮಾಡಿ ಮುಗಿಸೋದೇ. ಮೃದಂಗ ಇಲ್ದೆ ನಾನು ಹಾಡಲ್ಲ, ಆ ಮನುಷ್ಯನ್ನ ಕರೆಯೋದೂ ಇಲ್ಲ" ಎಂದರು. ಹೇಳಿದ್ದು ಗಟ್ಟಿಯಾಗಿಯೇ. ಆದರೆ ಹೇಳಿ ಮುಗಿಸಿದ ಮೇಲೆ ಅವರ ಮುಖ ನೋಡುವ ಹಾಗಿರಲಿಲ್ಲ. ಗೌರಮ್ಮ ತುಪ್ಪ ಬಡಿಸುತ್ತಿದ್ದವಳು ಅಲ್ಲೇ ನಿಂತು, "ಅದ್ಯಾಕಪ್ಪಾ ಹಂಗಂತೀಯ? ನಿನ್ನ ಅಳಿಯಂದ್ರೇ ಬಾರಿಸ್ತಾರೆ ಕಣಪ್ಪಾ. ಶಿವನೀಲಿ ದಿನಾ ಬಾರಿಸ್ತಾರೆ" ಎಂದಳು.

ನಾನು ಶಿವನಿಯಲ್ಲಿ ದಿನಾ ಬಾರಿಸುತ್ತಿದ್ದದ್ದು ನಿಜ. ಮೇಜನ್ನು. ತಂತಿ ಗುಮಾಸ್ತರಿಗೆಲ್ಲ ಬೆರಳು ಸುಮ್ಮನಿರದ ರೋಗ ಇರುತ್ತದೆ. ಅದು ಬಿಟ್ಟರೆ ಆವರೆಗೆ ನಾನು ಮೃದಂಗವನ್ನು ಮುಟ್ಟಿದ್ದೆನಾದರೆ ಅದು ಯಾರದೋ ದಾರಿಗೆ ಅಡ್ಡ ಇದ್ದದ್ದನ್ನು ಎತ್ತಿಟ್ಟಾಗ ಇರಬೇಕು. ಮಾವನವರು ನನ್ನ ಕಡೆ ತಿರುಗಿ, "ಹೌದಾ ಅಳಿಯಂದಿರೇ? ಒಂದು ಮಾತು ಹೇಳಬಾರ್ದಾಗಿತ್ತಾ?" ಎಂದು ಮುಖ ಅರಳಿಸಿ, ಬಿಟ್ಟ ಹೋಳಿಗೆಯನ್ನು ಮತ್ತೆ ಕೈಗೆತ್ತಿಕೊಂಡರು. ಆ ಹೋಳಿಗೆ ಅವರ ಬಾಯಿಗೆ ಹೋಗುವುದನ್ನು ನೋಡುತ್ತಾ ಇಲ್ಲ ಎನ್ನಲು ನನಗೆ ನಾಲಿಗೆ ಬರಲಿಲ್ಲ. ಹೂಂ ಎಂದೆ.

ರೈಲಿನಲ್ಲಿ ವಾಪಸು ಬರುವಾಗ ನಾನು, "ಏನೇ ಇದು, ನನ್ನ ತಲೆ ಮೇಲೆ ಕಲ್ಲು ಎತ್ತಿ ಹಾಕ್ಬಿಟ್ಯಲ್ಲ" ಎಂದರೆ ಗೌರಮ್ಮ ಕಿಟಕಿಯ ಆಚೆ ನೋಡುತ್ತಾ, "ಅಪ್ಪಯ್ಯ ಊಟ ಬಿಟ್ಟಿದ್ದು ನಾನು ಹುಟ್ಟಿದಾಗಿಂದ ನೋಡಿರಲಿಲ್ಲ ಕಣ್ರೀ. ಬಾಯಿಗೆ ಬಂದ್ಬಿಡ್ತು" ಎಂದಳು. ಆಮೇಲೆ, "ಈಗ ಆಗಲ್ಲ ಅಂದ್ರೆ ತವರಿನಲ್ಲಿ ನನ್ನ ಮಾತಿಗೆ ಏನು ಬೆಲೆ ಉಳೀತದೆ ಹೇಳಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೊಸ ಗಂಡನಿಗೆ ಅಷ್ಟು ಸಾಕಲ್ಲ. ಶಿವನಿ ಬರುವುದರೊಳಗೆ ನಾನು ಮೃದಂಗ ಕಲಿಯುವುದು ನಿಶ್ಚಯವಾಗಿತ್ತು.

ಆ ಸುತ್ತಿನಲ್ಲಿ ನನಗೆ ಗೊತ್ತಿದ್ದ ಮೃದಂಗದವನು ಸುಬ್ಬರಾಯ ಒಬ್ಬನೇ. ಅವನ ಮನೆಗೆ ಹೋಗಿ ಕಲಿಯೋಣವೆಂದರೆ ಅದು ಕಡೂರು. ನಾನು ಅವನ ಮನೆಯ ಮೆಟ್ಟಿಲು ಹತ್ತಿದರೆ ಇಳಿಯುವುದರೊಳಗೆ ಮಂಡಿಗೆ ಸುದ್ದಿ ಮುಟ್ಟುತ್ತಿತ್ತು. ಆದ್ದರಿಂದ ಒಂದು ಮಧ್ಯಾಹ್ನ ತಂತಿಯ ಮೇಲೇ ವಿಷಯ ತಿಳಿಸಿದೆ. ಬಹಳ ಹೊತ್ತು ಆ ಕಡೆಯಿಂದ ಸದ್ದಿಲ್ಲ. ನಗುತ್ತಿದ್ದನೋ ಏನೋ, ನಗು ತಂತಿಯಲ್ಲಿ ಬರುವುದಿಲ್ಲ. ತನ್ನ ರಜೆಯ ದಿನ ಅವನೇ ಶಿವನಿಗೆ ಬಂದ. ಬರುವಾಗ ತನ್ನ ಹಳೆಯ ಮೃದಂಗವೊಂದನ್ನು ಗೋಣಿಚೀಲದಲ್ಲಿ ಕಟ್ಟಿ, ಕುಂಬಳಕಾಯಿ ಎಂದು ಹೇಳಿ ಗಾರ್ಡಿನ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದ. ಚೀಲ ಇಳಿಸುವಾಗ ಗಾರ್ಡು, "ಏನ್ರೀ ಸುಬ್ರಾಯ್ರೇ, ನಿಮ್ಮ ಕುಂಬಳಕಾಯಿ ಗುಂಯ್ ಅಂತದಲ್ಲ" ಎಂದು ಕೇಳಿದನಂತೆ. "ಹಣ್ಣಾಗಿದೆ ಸ್ವಾಮಿ" ಎಂದನಂತೆ ಇವನು.

ಕೂತ ಮೇಲೆ ಸುಬ್ಬರಾಯ ಹೇಳಿದ: "ನೋಡಪ್ಪಾ, ಮೃದಂಗ ಕಲಿಯೋಕೆ ಅರ್ಧ ಆಯಸ್ಸು ಬೇಕು. ಶ್ರಾವಣಕ್ಕೆ ಬೇಕು ಅಂದ್ರೆ ಮೃದಂಗ ಕಲಿಸೋಕಾಗಲ್ಲ. ನಿಮ್ಮ ಮಾವನ ಹಾಡಿಗೆ ಬಾರಿಸೋದು ಕಲಿಸ್ತೀನಿ. ಮುದುಕ ಎಲ್ಲಿ ಓಡ್ತಾನೆ, ಎಲ್ಲಿ ನಿಲ್ತಾನೆ, ನಂಗೆ ಗೊತ್ತು." ಹಾಗೆಂದವನು ಗೋಣಿಚೀಲದ ಕಟ್ಟು ಬಿಚ್ಚುತ್ತಾ, "ಅವನ ಹಾಡು ನಿಂತೋಗ್ಬಾರ್ದು ಕಣೋ. ತಾಳ ಹಾಳಾಗ್ಲಿ, ಅಂಥಾ ಕಂಠ ಎಲ್ಲೈತೆ?" ಎಂದ. ಮಾವನವರ ಬಗ್ಗೆ ಅಷ್ಟು ಪ್ರೀತಿಯ ಮಾತನ್ನು ನಾನು ಅವರ ನೆಂಟರ ಬಾಯಲ್ಲೂ ಕೇಳಿರಲಿಲ್ಲ.

ರಜೆಯ ದಿನಗಳಲ್ಲಿ ಅವನು ಬಂದು ಕೈ ಇಡುವುದನ್ನು ಕಲಿಸುತ್ತಿದ್ದ. ಬೆರಳು ಊದಿಕೊಂಡವು. ಮೃದಂಗದ ಎಡಗಡೆಗೆ ರವೆಯನ್ನು ನೀರಿನಲ್ಲಿ ಕಲಸಿ ಮೆತ್ತಬೇಕು, ಆಗಲೇ ಅದಕ್ಕೆ ಗುಂಯ್ ಎಂಬ ನಾದ ಬರುವುದು. ಬಾರಿಸಿ ಆದ ಮೇಲೆ ಅದನ್ನು ಕೆರೆದು ತೆಗೆಯಬೇಕು. ಗೌರಮ್ಮ ಡಬ್ಬಿ ತೆಗೆದು ನೋಡಿ, "ಈ ತಿಂಗಳು ನೀವು ಉಪ್ಪಿಟ್ಟು ತಿಂದಿದ್ದಕ್ಕಿಂತ ಇದೇ ಜಾಸ್ತಿ ತಿಂದದೆ" ಎನ್ನುತ್ತಿದ್ದಳು. ನನ್ನ ತಾಯಿ ಬಂದಿದ್ದಾಗ, ಚರ್ಮದ್ದು ದೇವರ ಗೂಡಿನ ಹತ್ತಿರ ಬೇಡ ಎಂದರು, ಅಡಿಗೆಮನೆಯ ಹತ್ತಿರವೂ ಬೇಡ ಎಂದರು. ಇದ್ದದ್ದೇ ಒಂದೂವರೆ ಕೋಣೆಯ ಮನೆ. ಹೀಗಾಗಿ ಮೃದಂಗ ಸ್ಟೇಷನ್ನಿನ ತಂತಿ ಕೋಣೆಗೆ ಹೋಗಿ ಮೇಜಿನ ಕೆಳಗೆ ಕೂತಿತು. ಅಲ್ಲಿಂದಲೇ ನನ್ನ ವಿದ್ಯಾಭ್ಯಾಸ ನಿಜವಾಗಿ ಶುರುವಾದದ್ದು.

ತಂತಿ ಯಂತ್ರ ನೋಡದವರಿಗೆ ಹೇಳುತ್ತೇನೆ. ಅತ್ತ ಕಡೂರಿನಲ್ಲಿ ಗುಂಡಿ ಒತ್ತಿದರೆ ಇತ್ತ ಶಿವನಿಯಲ್ಲಿ ಹಿತ್ತಾಳೆಯ ಒಂದು ತುಂಡು ಕಟ್ ಎನ್ನುತ್ತದೆ. ಅಷ್ಟೇ. ಸುದ್ದಿಯೆಲ್ಲ ಆ ಕಟ್ ಕಟ್‌ನಲ್ಲೇ ಬರಬೇಕು. ಮಧ್ಯಾಹ್ನ ಒಂದು ಗೂಡ್ಸು ಗಾಡಿ ಹೋದ ಮೇಲೆ ಪ್ಯಾಸೆಂಜರು ಬರುವವರೆಗೆ ತಂತಿಗೆ ಕೆಲಸವಿರುತ್ತಿರಲಿಲ್ಲ. ನಮ್ಮ ಸ್ಟೇಷನ್ ಮಾಸ್ತರು ಊಟ ಮಾಡಿ ಒರಗಿದರೆ ಪ್ಯಾಸೆಂಜರಿಗೇ ಏಳುತ್ತಿದ್ದದ್ದು. ಆ ಹೊತ್ತಿನಲ್ಲಿ ಸುಬ್ಬರಾಯ ಕಡೂರಿನಿಂದ ತಾಳದ ಏಟು ಹಾಕುತ್ತಿದ್ದ, ನಾನು ಮೃದಂಗವನ್ನು ತೊಡೆಯ ಮೇಲಿಟ್ಟುಕೊಂಡು ಆ ಕಟ್ ಕಟ್‌ಗೆ ಸರಿಯಾಗಿ ಬಾರಿಸುತ್ತಿದ್ದೆ. ನಾನು ಬಾರಿಸಿದ್ದು ಅವನಿಗೆ ಕೇಳುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಅದೇ ಈ ಪದ್ಧತಿಯ ದೊಡ್ಡ ಅನುಕೂಲ. ಗುರುವಿಗೆ ಕೋಪ ಬರುವ ಸಂಭವವೇ ಇರಲಿಲ್ಲ.

ಆದರೆ ತಂತಿ ನಮ್ಮಿಬ್ಬರದೇ ಅಲ್ಲ. ನಡುವಿನ ಸ್ಟೇಷನ್ನುಗಳಲ್ಲೂ ಅದೇ ಕಟ್ ಕಟ್ ಕೇಳುತ್ತದೆ. ಮೊದಲು ಅವರೆಲ್ಲ ಸುಮ್ಮನಿದ್ದರು. ಕೆಲವು ದಿನಗಳಾದ ಮೇಲೆ ಅಜ್ಜಂಪುರದ ಗುಮಾಸ್ತ ನಡುವೆ ಬಾಯಿ ಹಾಕಿ, ಏಟು ಓಡುತ್ತಿದೆ ಎಂದು ಸುಬ್ಬರಾಯನಿಗೇ ತಂತಿಯಲ್ಲಿ ಹೇಳಿದ. ಮಾವನವರಿಗೆ ತಾಳ ಹೋಯ್ತು ಎಂದವನಿಗೆ ಆ ಮಾತು ತಿರುಗಿ ಬಂತು. ಆ ದಿನದ ಪಾಠ ಅಲ್ಲಿಗೇ ಮುಗಿಯಿತು. ಇನ್ನೊಂದು ದಿನ ತನಿಖೆಗೆ ಬಂದ ಸಾಹೇಬರೊಬ್ಬರು ನಮ್ಮ ಮೇಜಿನ ಮುಂದೆ ನಿಂತು ಕಿವಿಗೊಟ್ಟು, ಇದು ಯಾವ ಸಂಕೇತ, ನನಗೆ ಒಂದಕ್ಷರವೂ ತಿಳಿಯುತ್ತಿಲ್ಲವಲ್ಲ ಎಂದರು. "ಲೈನ್ ಟೆಸ್ಟಿಂಗ್ ಸರ್" ಎಂದೆ. ಅವರು ತಲೆದೂಗಿ, ಕಡೂರಿನವರು ಬಹಳ ಶ್ರದ್ಧೆಯಿಂದ ಪರೀಕ್ಷೆ ಮಾಡುತ್ತಾರೆ ಎಂದು ಮೆಚ್ಚಿಕೊಂಡು ಹೋದರು. ಮೃದಂಗ ಅವರ ಬೂಟುಗಳಿಂದ ಗೇಣು ದೂರದಲ್ಲಿತ್ತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ತನಿಯ ಕೊನೆಗೆ ಮುಕ್ತಾಯ ಎಂದು ಒಂದಿರುತ್ತದೆ. ಒಂದೇ ಜತಿಯನ್ನು, ಅಂದರೆ ಏಟುಗಳ ಒಂದೇ ಕಟ್ಟನ್ನು, ಮೂರು ಸಲ ಬಾರಿಸಿ, ಮೂರನೆಯದರ ಕಡೆಯ ಏಟು ಹಾಡಿನ ಎತ್ತುಗಡೆಗೆ ಸರಿಯಾಗಿ ಬಂದು ಬಿದ್ದರೆ ಹಾಡುವವರು ಅಲ್ಲಿಂದ ಪದವನ್ನು ಎತ್ತಿಕೊಳ್ಳುತ್ತಾರೆ. ಸುಬ್ಬರಾಯನದು ಒಂದು ಹಟ. ಪಾಠ ಎಂದೂ ನಡುವಿನಿಂದ ಶುರುವಾಗಕೂಡದು, ದಿನವೂ ಮೊದಲಿನಿಂದಲೇ ಆಗಬೇಕು. ಗೂಡ್ಸು ದಾಟಿದ ಕೂಡಲೇ ಶುರುಮಾಡಿ ಹೊರಟರೆ, ಮುಕ್ತಾಯದ ಎರಡನೆಯ ಸಲ ಮುಗಿಯುವ ಹೊತ್ತಿಗೆ ಅಜ್ಜಂಪುರದವನು ನಡುವೆ ಬಂದು, ಪ್ಯಾಸೆಂಜರು ಬಂದಿದೆ, ನಿಮ್ಮ ಕಡೆಗೆ ಬಿಡಲೇ ಎಂದು ಕೇಳುತ್ತಿದ್ದ. ಆಗೆಲ್ಲ ಗಾಡಿಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದವು, ಅದೇ ನನ್ನ ದುರದೃಷ್ಟ. ಸುಬ್ಬರಾಯ ಏಟು ನಿಲ್ಲಿಸುತ್ತಿದ್ದ. ನಾನು ಬಿಡು ಎಂದು ಲೈನ್ ಕ್ಲಿಯರ್ ಕೊಟ್ಟು, ಕೈಯೆತ್ತಿಕೊಂಡು ಕಾಯುತ್ತಿದ್ದೆ. ಅಜ್ಜಂಪುರದಿಂದ ಗಾಡಿ ಹೊರಟ ಮೇಲೆ ಅದರ ಗುರುತಾಗಿ ನಮ್ಮ ಗೋಡೆಯ ಮೇಲಿನ ಗಂಟೆ ಟಿಣ್ ಎನ್ನುತ್ತಿತ್ತು. ಆ ಟಿಣ್ ಕೇಳಿದ ಮೇಲೆ ಮೂರನೆಯ ಸಲ ಬಾರಿಸಿ, ಮೃದಂಗವನ್ನು ಮೇಜಿನ ಕೆಳಗೆ ತಳ್ಳಿ, ಟೋಪಿ ಹಾಕಿಕೊಂಡು ಪ್ಲಾಟ್‌ಫಾರಂಗೆ ಓಡುತ್ತಿದ್ದೆ.

ಮನೆ ಇದ್ದದ್ದು ತಂತಿ ಕೋಣೆಯ ಹಿಂದಿನ ಗೋಡೆಗೆ ಅಂಟಿಕೊಂಡು. ಗೌರಮ್ಮನಿಗೆ ಎಲ್ಲವೂ ಕೇಳುತ್ತಿತ್ತು. ಎರಡು ಸಲ ಆಗಿ ಮೃದಂಗ ನಿಂತಾಗ ಅವಳು ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದಳು. ಗಂಟೆಯಾಗಿ, ಮೂರನೆಯದೂ ಆಗಿ, ಪ್ಯಾಸೆಂಜರು ಬಂದು ಹೋಗಿ ನಾನು ಹಿತ್ತಿಲ ಬಾಗಿಲಿಗೆ ಬರುವ ಹೊತ್ತಿಗೆ ಕಾಫಿ ಸಿದ್ಧ. ಹೀಗೆ ಮೂರು ಕೆಲಸಗಳು ಒಂದಕ್ಕೊಂದು ಹೊಂದಿಕೊಂಡು ಬೇಸಗೆ ಕಳೆದು ಆಷಾಢದ ಗಾಳಿ ಎದ್ದಿತು. ನಾನು ಕಲಿತೆ. ಬಹಳ ಚೆನ್ನಾಗಿಯೇ ಕಲಿತೆ ಎಂದು ನನ್ನ ಭಾವನೆ. ಏನೇನು ಕಲಿತೆ ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ.

ಶ್ರಾವಣದ ಕಡೆಯ ಸೋಮವಾರ ಬಂತು. ಕಡೂರಿನ ಮನೆಯ ಪಡಸಾಲೆ ತುಂಬಿತ್ತು. ಮೇಲ್ಗಡೆ ಗದ್ದುಗೆಯಲ್ಲಿ ಸ್ವಾಮಿಗಳು, ಒಂದು ಪಕ್ಕದಲ್ಲಿ ಮಂಡಿಯ ವರ್ತಕರು, ನೆಂಟರು, ಇನ್ನೊಂದು ಪಕ್ಕದಲ್ಲಿ ಹೆಂಗಸರು. ಮನೆಮಗಳಾದ್ದರಿಂದ ಗೌರಮ್ಮ ಪೂಜೆಯ ಮಂಟಪದ ಹತ್ತಿರವೇ, ಆರತಿ ತಟ್ಟೆ, ಗಂಟೆ, ಹೂವು ಎಲ್ಲ ಜೋಡಿಸಿಕೊಂಡು ಕೂತಿದ್ದಳು. ನಾನು ರವೆ ಮೆತ್ತಿ ಮಾವನವರ ಪಕ್ಕದಲ್ಲಿ ಕೂತೆ. ಕೈ ಎಷ್ಟು ಬೆವರಿತ್ತೆಂದರೆ ರವೆಗೆ ಬೇರೆ ನೀರು ಬೇಕಾಗಿರಲಿಲ್ಲ. ಮಾವನವರು ನನ್ನ ಕಿವಿಯ ಹತ್ತಿರ ಬಾಗಿ, "ಹೆದರ್ಬೇಡಿ ಅಳಿಯಂದಿರೇ. ತಪ್ಪಿದ್ರೂ ನಾನು ಬಾಯ್ಬಿಟ್ಟು ಅನ್ನೋದಿಲ್ಲ" ಎಂದರು. ಅವರು ಯಾರನ್ನು ನೆನೆಸಿಕೊಂಡು ಹಾಗೆಂದರೋ ನನಗೆ ಗೊತ್ತಾಯಿತು.

ಅಂದು ಅವರು ಹಾಡಿದ ಹಾಗೆ ಮತ್ತೆ ಹಾಡಿದ್ದನ್ನು ನಾನು ಕೇಳಿಲ್ಲ. ಒಂದು ವರ್ಷ ಹಾಡದೆ ಕಟ್ಟಿಟ್ಟದ್ದೆಲ್ಲ ಹೊರಗೆ ಬಂತು. ಓಡಬಾರದ ಕಡೆಯೆಲ್ಲ ಓಡಿದರು, ನಿಲ್ಲಬಾರದ ಕಡೆಯೆಲ್ಲ ನಿಂತರು. ಸುಬ್ಬರಾಯ ಹೇಳಿಕೊಟ್ಟಿದ್ದಂತೆ ನಾನು ಅಲ್ಲಲ್ಲೇ ಹೋಗಿ ಅವರನ್ನು ಹಿಡಿದುಕೊಂಡೆ. ಕಡೆಯ ಹಾಡಿನಲ್ಲಿ ಅವರು ಪದ ನಿಲ್ಲಿಸಿ, ಕೈಯಲ್ಲಿ ತಾಳ ಹಾಕುತ್ತಾ ನನ್ನ ಕಡೆ ನೋಡಿದರು. ತನಿ ಶುರುವಾಯಿತು. ಕಣ್ಣು ಮುಚ್ಚಿದರೆ ಕಟ್ ಕಟ್ ಕೇಳುತ್ತಿತ್ತು. ಕೈ ತಾನಾಗಿ ಓಡಿತು. ಮುಕ್ತಾಯಕ್ಕೆ ಬಂದೆ. ಒಂದು ಸಲ ಆಯಿತು, ಎರಡನೆಯ ಸಲವೂ ಆಯಿತು. ಎರಡೂ ಕೈಗಳನ್ನು ಎತ್ತಿ ನಿಲ್ಲಿಸಿಬಿಟ್ಟೆ.

ಮರೆತೆನೇ ಎಂದರೆ ಇಲ್ಲ. ಮೂರನೆಯದು ಬೆರಳಿನ ತುದಿಯಲ್ಲಿತ್ತು. ಕೈ ಇಳಿಯಲೊಲ್ಲದು. ಅಜ್ಜಂಪುರದಿಂದ ಇನ್ನೂ ಗಾಡಿ ಹೊರಟಿರಲಿಲ್ಲ. ಇಳಿಸಬೇಕು ಎಂದು ಬುದ್ಧಿ ಹೇಳುತ್ತಿತ್ತು, ಗಂಟೆಯಾಗಲಿ ಎಂದು ಕೈ ಹೇಳುತ್ತಿತ್ತು. ಮಾವನವರು ತಾಳ ಹಾಕುತ್ತಲೇ ಇದ್ದರು. ತಾಳದ ಒಂದು ಸುತ್ತು ಖಾಲಿ ಹೋಯಿತು. ಅವರ ಹುಬ್ಬು ಮೇಲಕ್ಕೇರಿತು. ಕೊಟ್ಟ ಮಾತಿನಂತೆ ಬಾಯಿಬಿಟ್ಟು ಏನನ್ನೂ ಅನ್ನಲಿಲ್ಲ. ನೆಂಟರ ಗುಂಪಿನಲ್ಲಿ ಯಾರೋ ಕೆಮ್ಮಿದರು. ಈ ಮುದುಕರ ಹಾಡು ಇಂದಿಗೆ ಮುಗಿಯಿತು, ಅದೂ ನನ್ನಿಂದ, ಎಂದುಕೊಂಡೆ.

ಆಗ ಟಿಣ್ ಎಂದಿತು.

ಗೌರಮ್ಮ ಪೂಜೆಯ ಗಂಟೆ ಎತ್ತಿ ಒಂದೇ ಒಂದು ಸಲ ಬಾರಿಸಿದ್ದಳು. ನನ್ನ ಕೈಗಳು ನನ್ನನ್ನು ಕೇಳದೆ ಕೆಳಗಿಳಿದು ಮೂರನೆಯ ಸಲವನ್ನು ಹಿಡಿದುಕೊಂಡವು. ಗಂಟೆಯಾಯಿತೆಂದರೆ ಮಂಗಳಾರತಿಯಾಯಿತು ಎಂದಲ್ಲವೇ ಲೆಕ್ಕ? ಮೊದಲು ಹೆಂಗಸರು ಎದ್ದರು, ಆಮೇಲೆ ವರ್ತಕರು, ನೆಂಟರು. ಎಲ್ಲರೂ ಎದ್ದದ್ದನ್ನು ಕಂಡು ಸ್ವಾಮಿಗಳೂ ಗದ್ದುಗೆಯಿಂದ ಎದ್ದು ಕೈಮುಗಿದರು. ಇಡೀ ಸಭೆ ಕೈಮುಗಿದು ನಿಂತಿರುವಾಗ ನನ್ನ ಕಡೆಯ ಏಟು ಸರಿಯಾದ ಜಾಗಕ್ಕೆ ಬಂದು ಬಿತ್ತು. ಮಾವನವರು ಅಲ್ಲಿಂದ ಪದ ಎತ್ತಿದರು ನೋಡಿ, ಆ ಕಂಠಕ್ಕೆ ತೊಲೆಗಳು ಅದುರಿದವು. ಗೌರಮ್ಮ ತಲೆ ಬಗ್ಗಿಸಿ, ಏನೂ ತಿಳಿಯದವಳಂತೆ, ಆರತಿಗೆ ಕರ್ಪೂರ ಹಚ್ಚುತ್ತಿದ್ದಳು.

ಸ್ವಾಮಿಗಳು ಹೊರಡುವಾಗ, ತನಿಯ ನಡುವೆ ಮೌನ ಇಟ್ಟು, ಘಂಟಾನಾದವಾದ ಮೇಲೆ ಮುಕ್ತಾಯ ಮಾಡಿದ್ದು ಬಹಳ ಭಾವಪೂರ್ಣವಾಗಿತ್ತು ಎಂದರು. ಮಾವನವರಿಗೆ ಅಷ್ಟು ಸಾಕಾಯಿತು. ಮರುದಿನದಿಂದ ಮಂಡಿಗೆ ಕೊಬ್ಬರಿ ತಂದವರೆಲ್ಲ ತೂಕಕ್ಕೆ ಮೊದಲು ಆ ಕಥೆ ಕೇಳಬೇಕಾಯಿತು. "ನಮ್ಮ ಅಳಿಯಂದಿರ ಮುಕ್ತಾಯಕ್ಕೆ ಸ್ವಾಮಿಗಳೇ ಎದ್ದು ನಿಂತ್ರು ಕಣ್ರಯ್ಯಾ! ಆ ಸುಬ್ರಾಯ ಅಷ್ಟು ವರ್ಷ ಬಾರಿಸಿದ, ಒಬ್ಬ ಎದ್ನಾ?" ಸುಬ್ಬರಾಯನಿಗೆ ಈ ಸುದ್ದಿ ಮುಟ್ಟಿದ ದಿನ ಅವನು ತಂತಿಯಲ್ಲಿ ಒಂದೇ ಮಾತು ಕೇಳಿದ, ಯಾಕೆ ನಿಲ್ಲಿಸಿದೆ ಎಂದು. ನಾನು ಉತ್ತರ ಕೊಡುವುದರೊಳಗೆ ಅಜ್ಜಂಪುರದವನು ನಡುವೆ ಬಂದು, ಪ್ಯಾಸೆಂಜರು ಬಿಡಲೇ ಎಂದ. ಸುಬ್ಬರಾಯನಿಗೆ ಅರ್ಥವಾಯಿತು. ಆ ದಿನ ತಂತಿಯಲ್ಲಿ ಕಡೂರಿನಿಂದ ಅರ್ಥವಿಲ್ಲದ ಕಟಕಟ ಬಹಳ ಹೊತ್ತು ಬಂತು. ನಗು ತಂತಿಯಲ್ಲಿ ಬರುವುದಿಲ್ಲ ಎಂದು ಮೊದಲು ಹೇಳಿದ್ದೆನಲ್ಲ, ಅದು ತಪ್ಪು.

ಆಮೇಲೆ ನಾನು ಎಷ್ಟೋ ವರ್ಷ ಅಲ್ಲಿ ಬಾರಿಸಿದೆ. ಪ್ರತಿ ವರ್ಷವೂ ಆ ಜಾಗದಲ್ಲಿ ನಿಲ್ಲಿಸಬೇಕು, ಗಂಟೆಯಾಗಬೇಕು, ಸಭೆ ಏಳಬೇಕು. ಅದು ಆ ಮನೆಯ ಸಂಪ್ರದಾಯವೇ ಆಗಿಹೋಯಿತು. ಕಡೆಗೆ ನನಗೆ ದೂರದ ಸ್ಟೇಷನ್ನಿಗೆ ವರ್ಗವಾದಾಗ, ಮಾವನವರಿಗೆ ಮತ್ತೆ ಮೃದಂಗವಿಲ್ಲದಂತಾಯಿತು. ಗೌರಮ್ಮ ತಂದೆಗೆ ಏನು ಹೇಳಿದಳೋ, ಸುಬ್ಬರಾಯನಿಗೆ ಮಂಡಿಯಿಂದ ಕರೆ ಹೋಯಿತು. ಅವನು ಹೋದ. ಕಡೆಯ ಗಳಿಗೆಯಲ್ಲಿ ರಜೆ ಸಿಕ್ಕಿ ನಾವೂ ಹಬ್ಬಕ್ಕೆ ಬಂದು ಕೇಳಲು ಕೂತಿದ್ದೆವು. ಸುಬ್ಬರಾಯ ಎಂದಿನಂತೆ ಮುಕ್ತಾಯವನ್ನು ಒಂದೇ ಉಸಿರಿನಲ್ಲಿ ಮೂರು ಸಲ ಬಾರಿಸಿ ಮುಗಿಸಿದ. ಮಾವನವರು ಹಾಡು ಎತ್ತಲಿಲ್ಲ. ತಾಳ ಹಾಕುವುದನ್ನು ನಿಲ್ಲಿಸಿ, ಸ್ವಾಮಿಗಳ ಎದುರಿಗೇ, "ಏನಯ್ಯಾ ಸುಬ್ರಾಯ, ಗಂಟೆಗೆ ಕಾಯ್ಬೇಕು ಅಂತ ಗೊತ್ತಿಲ್ವಾ ನಿಂಗೆ? ಇನ್ನೂ ಹಂಗೇ ಇದೀಯಲ್ಲ. ನಮ್ಮ ಅಳಿಯಂದಿರ ಹತ್ರ ಸ್ವಲ್ಪ ದಿನ ಕೂತು ಕಲಿ" ಎಂದರು. ಸುಬ್ಬರಾಯ ನನ್ನ ಕಡೆ ತಿರುಗಿ ನೋಡಿದ. ಆ ನೋಟವನ್ನು ನಾನು 'ಇರಲಿ, ನಿನ್ನ ನೋಡ್ಕೋತೀನಿ' ಎಂದು ಓದಿಕೊಂಡೆ. ಆದರೆ ಅವನು ಮಾವನವರಿಗೆ ಕೈಮುಗಿದು, "ಆಗ್ಲಿ ಯಜಮಾನ್ರೇ" ಎಂದು ಮತ್ತೆ ಮೊದಲಿನಿಂದ ಬಾರಿಸಿದ. ಎರಡು ಸಲ ಆದ ಮೇಲೆ ಕೈಯೆತ್ತಿ ಕಾದ. ಅವನ ಕಣ್ಣುಗಳು ಒದ್ದೆಯಾಗಿದ್ದವು. ನನ್ನವೂ ಆಗಿದ್ದವು.

ಈಗ ನಾನು ರೈಲ್ವೆ ಬಿಟ್ಟು ತರೀಕೆರೆಯಲ್ಲಿದ್ದೇನೆ. ಸಂಜೆ ಸ್ವಲ್ಪ ಹೊತ್ತು ಮೃದಂಗ ಮುಂದಿಟ್ಟುಕೊಳ್ಳುತ್ತೇನೆ. ಇಷ್ಟು ವರ್ಷವಾದರೂ ಎರಡು ಸಲ ಆದ ಮೇಲೆ ಕೈ ಮೇಲೆ ನಿಂತುಬಿಡುತ್ತದೆ. ಒಳಗಿನಿಂದ ಗೌರಮ್ಮ ಲೋಟಕ್ಕೆ ಚಮಚದಿಂದ ಟಿಣ್ ಎಂದು ತಟ್ಟಿದರೆ ಮುಂದಕ್ಕೆ ಹೋಗುತ್ತದೆ. ಅವಳ ಮನಸ್ಸು ಸರಿಯಿದ್ದರೆ ಬೇಗ ತಟ್ಟುತ್ತಾಳೆ. ಇಲ್ಲದಿದ್ದರೆ ಗಾಡಿ ತಡ. ನಿನ್ನೆ ಸಂಜೆ ಕೈಯೆತ್ತಿ ಕೂತವನು ಭುಜ ನೋಯುವವರೆಗೆ ಕಾದೆ. ಕಡೆಗೆ, "ಏನೇ, ಗಂಟೆ ಎಲ್ಲೇ?" ಎಂದು ಕೂಗಿದೆ.

"ಬೆಳಿಗ್ಗೆಯಿಂದ ಆ ನೀರಿನ ಕೊಡ ಬಾಗಿಲಲ್ಲೇ ಕೂತದೆ. ಮೊದ್ಲು ಅದನ್ನ ಒಳಗಿಡಿ, ಆಮೇಲೆ ಗಾಡಿ ಬಿಡ್ತೀನಿ" ಎಂದಳು.

ಎದ್ದು ಇಟ್ಟು ಬಂದೆ. ಚಮಚ ಟಿಣ್ ಎಂದಿತು, ಮೂರನೆಯ ಸಲ ಬಾರಿಸಿ ಮುಗಿಸಿದೆ. ಅಂದು ಕಡೂರಿನಲ್ಲಿ ಆ ಗಂಟೆಗೆ ಸ್ವಾಮಿಗಳಿಂದ ಹಿಡಿದು ಇಡೀ ಸಭೆ ಎದ್ದು ನಿಂತಿತ್ತು. ನಿನ್ನೆ ಎದ್ದವನು ನಾನೊಬ್ಬನೇ, ಅದೂ ಗಂಟೆಗಿಂತ ಮೊದಲು.